ಕಿವಿಯಪ್ಪ ಕೈ ಎತ್ತಿದ ಭಾನುವಾರ

ಹಾಜರಿ ಪುಸ್ತಕದಲ್ಲಿ ಆತನಿಗೆ ಬೇರೆ ಹೆಸರೊಂದಿದೆ. ಆ ಹೆಸರು ಹಿಡಿದು ಕೂಗಿದರೆ ಆತನೇ ತಿರುಗಿ ನೋಡುವುದಿಲ್ಲ. ಸಿದ್ಧ ಉಡುಪಿನ ಕಾರ್ಖಾನೆಗೆ ಹೊಲಿಗೆ ಯಂತ್ರಗಳ ಮೆಕ್ಯಾನಿಕ್ ಆಗಿ ಸೇರಿ ಮೂವತ್ತೊಂದು ವರ್ಷವಾಯಿತು. ಮೊದಲ ಎರಡು ವರ್ಷ ಬಿಟ್ಟರೆ ಉಳಿದಷ್ಟೂ ಕಾಲ ಆತ ಎಲ್ಲರಿಗೂ ಕಿವಿಯಪ್ಪ. ಮೇಲಿನ ಮಹಡಿಯ ಮ್ಯಾನೇಜರಿಗೂ ಕಿವಿಯಪ್ಪ, ಕೆಳಗೆ ಗುಂಡಿ ಹಚ್ಚುವ ಹೆಂಗಸರಿಗೂ ಕಿವಿಯಪ್ಪ. ಕೊನೆಗೆ ಕಟ್ಟಿಕೊಂಡ ಹೆಂಡತಿಯೂ ಸಿಟ್ಟು ಬಂದಾಗ ಹಾಗೇ ಕರೆಯತೊಡಗಿದಳು. "ಮಷೀನಿನ ಮಾತು ಕೇಳುತ್ತೆ, ಮನೆಯವಳ ಮಾತು ಕೇಳಲ್ಲ. ಎಂಥ ಕಿವಿಯಪ್ಪ ರೀ ನೀವು!"

ಹೆಸರು ಸುಮ್ಮನೆ ಬಂದದ್ದಲ್ಲ. ಹೊಲಿಗೆಯ ಹಾಲಿನಲ್ಲಿ ಆರು ಸಾಲು, ಸಾಲಿಗೆ ಇಪ್ಪತ್ತರಂತೆ ನೂರಿಪ್ಪತ್ತು ಮಷೀನು. ಎಲ್ಲವೂ ಒಟ್ಟಿಗೆ ಓಡುವಾಗ ಪಕ್ಕದಲ್ಲಿ ನಿಂತವರು ಕಿರುಚಿದರೂ ಕೇಳಿಸದು. ಕಿವಿಯಪ್ಪ ಕೈಗಳನ್ನು ಬೆನ್ನಿಗೆ ಕಟ್ಟಿಕೊಂಡು ಆ ಗದ್ದಲದ ನಡುವೆ ನಡೆಯುತ್ತಾನೆ. ಎಲ್ಲೋ ಒಂದು ಕಡೆ ಹೆಜ್ಜೆ ನಿಧಾನವಾಗುತ್ತದೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಮಷೀನಿನ ತಲೆಗೆ ಒತ್ತಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಆನಿಸಿ ಕಣ್ಣು ಮುಚ್ಚುತ್ತಾನೆ. "ಒಳಗಿನ ಕೊಕ್ಕೆ ಸವೆದಿದೆ. ಮಧ್ಯಾಹ್ನದ ಹೊತ್ತಿಗೆ ಹೊಲಿಗೆ ತಪ್ಪುತ್ತೆ" ಎಂದರೆ ಮಧ್ಯಾಹ್ನದ ಹೊತ್ತಿಗೆ ತಪ್ಪುತ್ತದೆ. ಮೊದಮೊದಲು ಜನ ಈತನದು ಕೆಟ್ಟ ನಾಲಿಗೆ ಅಂದುಕೊಂಡಿದ್ದರು. ನಾಲಿಗೆಯಲ್ಲ, ಕಿವಿ ಎಂದು ತಿಳಿಯಲು ಎರಡು ವರ್ಷ ಹಿಡಿಯಿತು.

ಆ ಹಾಲಿನಲ್ಲಿ ಬಾಯಿಮಾತು ನಡೆಯದ ಕಾರಣ ಎಲ್ಲವೂ ಕೈಯಲ್ಲೇ. ತೋರುಬೆರಳನ್ನು ಗಾಳಿಯಲ್ಲಿ ಸುತ್ತಿಸಿದರೆ ಓಡಿಸು. ಅಂಗೈ ಬಿಡಿಸಿ ತಲೆಗಿಂತ ಮೇಲೆ ಎತ್ತಿದರೆ ನಿಲ್ಲಿಸು. ನಿಲ್ಲಿಸುವುದಕ್ಕೆ ಮಾತ್ರ ಒಂದು ಕಟ್ಟಳೆಯುಂಟು: ಯಾಕೆ ಎಂದು ಕೇಳುವ ಹಾಗಿಲ್ಲ. ಮೊದಲು ನಿಲ್ಲಬೇಕು, ಆಮೇಲೆ ಕೇಳಬೇಕು. ಆತ ಸೇರಿದ ಹೊಸತರಲ್ಲಿ ಹೆಣ್ಣುಮಗಳೊಬ್ಬಳು ಎತ್ತಿದ ಕೈ ನೋಡಿ "ಯಾಕಣ್ಣ?" ಎಂದು ಕತ್ತು ತಿರುಗಿಸಿದಳು. ಕಾಲು ಪೆಡಲಿನ ಮೇಲೇ ಇತ್ತು. ಸೂಜಿ ಉಗುರಿನಲ್ಲಿ ಇಳಿದು ಮೂಳೆಗೆ ತಾಗಿ ಮುರಿಯಿತು. ಆ "ಯಾಕಣ್ಣ" ಇವತ್ತಿಗೂ ಕಿವಿಯಪ್ಪನ ಕಿವಿಯಲ್ಲಿದೆ. ಅಂದಿನಿಂದ ಆ ಹಾಲಿನಲ್ಲಿ ಯಾರೂ ಎತ್ತಿದ ಕೈಯನ್ನು ಪ್ರಶ್ನಿಸಿಲ್ಲ.

ಇಂಥವನಿಗೆ ಸಂಗೀತವೆಂದರೆ ಅಷ್ಟಕ್ಕಷ್ಟೆ. ವಾರಕ್ಕೆ ಆರು ದಿನ ನೂರಿಪ್ಪತ್ತು ಮಷೀನಿನ ಸದ್ದು ಕುಡಿದವನಿಗೆ ಏಳನೆಯ ದಿನ ಬೇಕಾದದ್ದು ಮೌನ. ಭಾನುವಾರ ಹಿತ್ತಿಲ ಬಾಗಿಲ ಮೆಟ್ಟಿಲ ಮೇಲೆ ಟೀ ಲೋಟ ಹಿಡಿದು ತೆಪ್ಪಗೆ ಕೂರುವುದೇ ಆತನ ಮೋಜು. ಅಂಥ ಮನೆಯಲ್ಲಿ ಎಣ್ಣೆ ಡಬ್ಬ ಬಡಿಯುವ ಮಗು ಹುಟ್ಟಿತು. ಮೂರು ವರ್ಷಕ್ಕೆ ಡಬ್ಬ, ಹತ್ತು ವರ್ಷಕ್ಕೆ ಬಕೆಟ್ಟು, ಹದಿನಾರಕ್ಕೆ ಯಾರೋ ಮೂಲೆಗೆಸೆದ ಹಳೆಯ ಡ್ರಮ್ಮುಗಳು. ಬಾಣಲೆಯಿಂದ ಬೆಂಕಿಗೆ ಬಿದ್ದೆ ಎಂದುಕೊಂಡ ಕಿವಿಯಪ್ಪ. ಆದರೂ ಬೇಡ ಎನ್ನಲಿಲ್ಲ. ಮಗಳಿಗೆ ಇನ್ನೊಂದು ವಿದ್ಯೆಯೂ ಒಲಿದಿತ್ತು, ಅದು ಆತನದೇ ವಿದ್ಯೆ.

ಮನೆಯ ಹಿಂದಿನ ಕೋಣೆಯಲ್ಲಿ ಕಾರ್ಖಾನೆಯವರು ಬಿಸಾಡಿದ ಮಷೀನೊಂದನ್ನು ಆತ ರಿಪೇರಿ ಮಾಡಿ ಇಟ್ಟಿದ್ದ. ಶಾಲೆಯಿಂದ ಬಂದ ಮೇಲೆ ಅಪ್ಪ ಮಗಳಿಗೆ ಅಲ್ಲಿ ಒಂದು ಆಟ. ಅವಳು ಬಿಳಿ ಬಟ್ಟೆಯ ಮೇಲೆ ಕಪ್ಪು ದಾರದಲ್ಲಿ ಹೊಲಿಗೆ ಓಡಿಸಬೇಕು. ಆತ ಇದ್ದಕ್ಕಿದ್ದಂತೆ ಅಂಗೈ ಎತ್ತುತ್ತಾನೆ. ಒಂದು ಹೊಲಿಗೆಯೂ ಹೆಚ್ಚು ಬೀಳದಂತೆ ಅವಳು ನಿಲ್ಲಿಸಬೇಕು. ಬೆರಳು ಸುತ್ತಿಸಿದೊಡನೆ ಮುಂದಿನ ಹೊಲಿಗೆ ತನ್ನ ಜಾಗದಲ್ಲೇ ಬೀಳಬೇಕು. ಆಮೇಲೆ ಇಬ್ಬರೂ ಭೂತಗನ್ನಡಿ ಹಿಡಿದು ಬಟ್ಟೆಯ ಮೇಲೆ ಬಗ್ಗಿ, ನಿಂತ ಜಾಗ ಯಾವುದು ಎಂದು ಹುಡುಕುತ್ತಿದ್ದರು. ಸಿಕ್ಕಿದರೆ ಅಪ್ಪ ಗೆದ್ದ, ಸಿಗದಿದ್ದರೆ ಮಗಳು ಗೆದ್ದಳು. "ಓಡಿಸೋದು ಯಾರು ಬೇಕಾದ್ರೂ ಓಡಿಸ್ತಾರೆ ಪುಟ್ಟಿ. ನಿಲ್ಲಿಸೋದ್ರಲ್ಲಿ ಇರೋದು ಕೆಲಸ" ಎನ್ನುತ್ತಿದ್ದ. ಹದಿಮೂರು ತುಂಬಿದ ಮೇಲೆ ಗೆದ್ದದ್ದೆಲ್ಲ ಅವಳೇ.

ಈಗ ಪುಟ್ಟಿಗೆ ಇಪ್ಪತ್ತಮೂರು. ಯಂತ್ರಗಳ ಓದು ಮುಗಿಸಿದ್ದಾಳೆ. ಕಾರ್ಖಾನೆಯಲ್ಲಿ ಎರಡನೆಯ ಮೆಕ್ಯಾನಿಕ್ಕಿನ ಜಾಗ ಖಾಲಿ ಬಿದ್ದಿದೆ. ಕಿವಿಯಪ್ಪನ ಮಗಳು ಎಂದಮೇಲೆ ಮ್ಯಾನೇಜರು ಬೇರೇನೂ ವಿಚಾರಿಸದೆ, "ಸೋಮವಾರ ಬೆಳಿಗ್ಗೆ ಹೂಂ ಅಥವಾ ಊಹೂಂ ಹೇಳಿಬಿಡಿ" ಎಂದಿದ್ದರು. ಅದೇ ಹೊತ್ತಿಗೆ ಅವಳೂ ಇನ್ನಿಬ್ಬರೂ ಸೇರಿ ಕಟ್ಟಿಕೊಂಡ ಮೂವರ ತಂಡ ವಾದ್ಯಗಳನ್ನು ವ್ಯಾನಿಗೆ ಹೇರಿಕೊಂಡು ಎಂಟು ತಿಂಗಳು ಊರೂರು ಸುತ್ತಲು ಸಿದ್ಧವಾಗಿತ್ತು. ಎರಡು ದೋಣಿಯ ಮೇಲೆ ಕಾಲಿಡುವುದು ಸಾಧ್ಯವಿರಲಿಲ್ಲ.

ಕಿವಿಯಪ್ಪನಿಗೆ ಬೇಕಾದದ್ದು ಏನೆಂದು ಮನೆಯಲ್ಲಿ ಯಾರೂ ಕೇಳಬೇಕಾಗಿರಲಿಲ್ಲ. ಕಾರ್ಖಾನೆಯಲ್ಲಿ ತನ್ನ ಪಕ್ಕದ ಬೀರುವನ್ನು ಆಗಲೇ ಖಾಲಿ ಮಾಡಿಸಿ, ತಳಕ್ಕೆ ಹೊಸ ಕಾಗದ ಹಾಸಿದ್ದ. ಮೂರನೆಯ ಸಾಲಿನ ಹೆಂಗಸೊಬ್ಬಳ ಕೈಯಲ್ಲಿ ಮೆಕ್ಯಾನಿಕ್ಕುಗಳು ತೊಡುವ ನೀಲಿ ಕೋಟೊಂದರ ಭುಜ ಚಿಕ್ಕದು ಮಾಡಿಸಿ ಅದರೊಳಗೆ ತೂಗುಹಾಕಿದ್ದ. ಕೂಸು ಹುಟ್ಟುವ ಮುಂಚೆ ಕುಲಾವಿ ಎಂದು ಹೆಂಡತಿ ಆಡಿಕೊಂಡಳು. ಆಡಿಕೊಳ್ಳಲಿ. ಮೂವತ್ತೊಂದು ವರ್ಷ ಕೇಳಿ ಕೇಳಿ ಕಲಿತದ್ದು ತನ್ನ ಜೊತೆಗೇ ಮಣ್ಣಾಗುತ್ತದಲ್ಲ ಎಂಬ ಸಂಕಟ ಆತನಿಗಿತ್ತು, ಆ ಸಂಕಟಕ್ಕೆ ಮದ್ದು ಒಂದೇ ಇತ್ತು.

ಮಗಳು ಒಂದು ದಿನ ಹಿತ್ತಿಲ ಮೆಟ್ಟಿಲ ಮೇಲೆ ಪಕ್ಕದಲ್ಲಿ ಬಂದು ಕೂತಳು.

"ಅಪ್ಪ, ಭಾನುವಾರ ನಾವು ನುಡಿಸ್ತೀವಿ. ನೀನು ಬರಬೇಕು. ಮೊದಲಿಂದ ಕೊನೇವರೆಗೂ ಕೂತು ಕೇಳಬೇಕು."

"ನನಗೇನು ತಿಳಿಯುತ್ತೆ? ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಆಗುತ್ತೆ."

"ಇಲ್ಲೀವರೆಗೆ ಚೆನ್ನಾಗಿದೆ ಅಂದೋರೆಲ್ಲ ಸ್ನೇಹಿತರು. ನಿನ್ನ ಕಿವಿ ಏನು ಹೇಳುತ್ತೆ ಅಂತ ನನಗೆ ಗೊತ್ತಾಗಬೇಕು. ಕೇಳಿದ ಮೇಲೆ ನೀನು ಬೇಡ ಅಂದ್ರೆ ಬೇಡ. ಸೋಮವಾರ ನಿನ್ನ ಜೊತೆ ಕಾರ್ಖಾನೆಗೆ ಬರ್ತೀನಿ. ಯಾಕೆ ಅಂತ ಕೇಳಲ್ಲ."

ಒಪ್ಪಿಕೊಂಡ. ಬೇಡ ಎನ್ನುವುದೇನು ಮಹಾ ಕಷ್ಟ ಎಂದು ಒಳಗೊಳಗೇ ಹಿಗ್ಗಿದ ಎನ್ನುವುದನ್ನೂ ಹೇಳಿಬಿಡಬೇಕು.

ಭಾನುವಾರ ಮಧ್ಯಾಹ್ನ ಅಂಗಿಗೆ ಇಸ್ತ್ರಿ ಹಾಕುತ್ತಿದ್ದ ಹೆಂಡತಿಯನ್ನು "ನೀನು ಬರಲ್ವೇನೇ?" ಎಂದು ಕೇಳಿದ.

"ನಾನು ಬಂದ್ರೆ ನೀವು ನನ್ನ ಮುಖ ನೋಡಿ ತೀರ್ಮಾನ ಮಾಡ್ತೀರಿ. ನೀವೇ ಹೋಗಿ. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡಿ ಬರಬೇಡಿ ಮತ್ತೆ. ಹುಡುಗಿ ಕಾದು ಕೂತಿದೆ. ಅಯ್ಯೋ, ಭಾನುವಾರಾನೂ ಜೇಬಲ್ಲಿ ಸ್ಪ್ಯಾನರ್ ಯಾಕ್ರೀ?"

ಸ್ಪ್ಯಾನರ್ ಜೇಬಿನಲ್ಲೇ ಉಳಿಯಿತು.

ಜಾಗ ಯಾವುದೋ ದೊಡ್ಡ ಸಭಾಂಗಣ ಇರಬಹುದೆಂದು ಆತ ಎಣಿಸಿದ್ದ. ವಿಳಾಸ ಹಿಡಿದು ಹೋದರೆ ದೀಪದ ಬುರುಡೆಗಳನ್ನು ಮಾರುವ ಅಂಗಡಿ. ಅದರ ಪಕ್ಕದಲ್ಲಿ ಒಬ್ಬರು ಇಳಿದರೆ ಇನ್ನೊಬ್ಬರು ಹತ್ತಲಾಗದ ಮೆಟ್ಟಿಲು. ಮೇಲೆ ಒಂದು ಉದ್ದ ಕೋಣೆ, ಹಿಂದೆ ಗೋದಾಮಾಗಿದ್ದಿರಬೇಕು. ಗೋಡೆಗೆಲ್ಲ ಹಳೆಯ ಕಂಬಳಿ ಹೊಡೆದಿದ್ದರು. ಒಂದಕ್ಕೊಂದು ಹೊಂದದ ನಲವತ್ತೆರಡು ಕುರ್ಚಿ, ಆತ ಎಣಿಸಿದ. ವೇದಿಕೆ ಎನ್ನುವುದೇ ಇಲ್ಲ. ಕುರ್ಚಿಗಳು ಮುಗಿದ ಕಡೆ ಒಂದು ಹಳೆಯ ಜಮಖಾನ, ಅದರ ಮೇಲೆ ಮಗಳ ಡ್ರಮ್ಮುಗಳು. ಅಕ್ಕಪಕ್ಕದವರು ರಾತ್ರಿ ಸದ್ದು ಬೇಡವೆಂದು ಜಗಳ ತೆಗೆದಿದ್ದರಿಂದ ಅಲ್ಲಿ ಏನಿದ್ದರೂ ಸಂಜೆ ನಾಲ್ಕಕ್ಕೇ ಶುರು.

"ಮುಂದಿನ ಸಾಲಲ್ಲಿ ಕೂತ್ಕೋ, ನನಗೆ ಕಾಣೋ ಹಾಗೆ" ಎಂದು ಮಗಳು ಕೈಹಿಡಿದು ಕೂರಿಸಿದಳು. ಜೊತೆಯವರಿಬ್ಬರನ್ನೂ ಕರೆತಂದು ತೋರಿಸಿದಳು. ಗಿಟಾರು ನುಡಿಸುವವರು ಹಲ್ಲಿನ ಡಾಕ್ಟರು. "ನಿಮ್ಮ ವಿಷಯ ತುಂಬ ಕೇಳಿದ್ದೀವಿ" ಎಂದವರು, ಕಿವಿಯಪ್ಪ ನಕ್ಕಾಗ ಪಾಪ, ತಡೆಯಲಾರದೆ ಬಾಯೊಳಗೆ ಇಣುಕಿದರು. ಇನ್ನೊಬ್ಬ ದಪ್ಪ ತಂತಿಯ ಬೇಸ್ ಗಿಟಾರಿನವನು, ವಾರದ ದಿನಗಳಲ್ಲಿ ಲೈಬ್ರರಿಯಲ್ಲಿ ಪುಸ್ತಕ ಕೊಡುವವನು. ಅವನು ಎಷ್ಟು ಉದ್ದವಿದ್ದನೆಂದರೆ ಮಾಡಿನ ತೊಲೆ ತಲೆಗೆ ಬಡಿಯದಂತೆ ಬಗ್ಗಿಯೇ ನಿಂತಿದ್ದ, ಆ ಬಗ್ಗಿದ ನಿಲುವಿನಲ್ಲೇ ನಮಸ್ಕಾರವನ್ನೂ ಮುಗಿಸಿದ. ಇವರ ಜೊತೆ ಎಂಟು ತಿಂಗಳೇ ಎಂದು ಕಿವಿಯಪ್ಪ ಇಬ್ಬರನ್ನೂ ಮತ್ತೊಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿದ.

ಪಕ್ಕದ ಕುರ್ಚಿಗೆ ಗಡ್ಡದವನೊಬ್ಬ ಬಂದು ಕೂತ. ಈ ತಂಡ ನುಡಿಸಿದ ಕಡೆಯಲ್ಲೆಲ್ಲ ಹಾಜರಾಗುವವರ ಪೈಕಿ ಅವನು. "ಕಿವಿಗೆ ಹತ್ತಿ ಬೇಕಾ ಸಾರ್?" ಎಂದು ಕೇಳಿದ. ಬೇಡ, ಕೇಳುವುದಕ್ಕೇ ಬಂದಿದ್ದೇನೆ ಎಂದ ಕಿವಿಯಪ್ಪ.

ಶುರುವಾಯಿತು.

ಶುರುವಾದದ್ದು ಸಂಗೀತವೋ, ಸಂಗೀತಕ್ಕೆ ಮುಂಚಿನ ತಯಾರಿಯೋ ಎಂದು ಎರಡು ನಿಮಿಷ ಗೊತ್ತಾಗಲಿಲ್ಲ. ಡಾಕ್ಟರು ಒಂದೇ ತಂತಿಯನ್ನು ಹಲ್ಲು ಪರೀಕ್ಷಿಸುವಷ್ಟು ಎಚ್ಚರಿಕೆಯಿಂದ ಮೀಟುತ್ತಿದ್ದರು. ಉದ್ದನೆಯವನು ಕಾಲಲ್ಲಿ ಏನನ್ನೋ ಒತ್ತಿದಾಗ ನೆಲದೊಳಗಿಂದ ಗುಂಯ್ ಎಂದು ಬಂತು. ಆಮೇಲೆ ಮಗಳ ಕೈ ಬಿತ್ತು. ಕುರ್ಚಿ ನಡುಗಿತು. ಕಿವಿಯಪ್ಪನ ತೊಡೆಯ ಮೇಲಿನ ಬೆರಳು ತಾನಾಗಿಯೇ ಎಣಿಸತೊಡಗಿತು, ಯಾಕೆಂದರೆ ಓಡುವ ಯಾವುದನ್ನು ಕಂಡರೂ ಆ ಬೆರಳು ಎಣಿಸುತ್ತದೆ. ಒಂದು ಎರಡು ಮೂರು ನಾಲ್ಕು, ಒಂದು ಎರಡು ಮೂರು... ನಾಲ್ಕು ಎಲ್ಲಿ?

ಹೊಲಿಗೆ ತಪ್ಪಿತು ಎಂದುಕೊಂಡ. ಮಗಳ ಮುಖ ನೋಡಿದ. ಅವಳಿಗೆ ತಪ್ಪಿದ್ದೇ ತಿಳಿದಂತಿಲ್ಲ, ನಗುತ್ತಿದ್ದಾಳೆ. ಮತ್ತೆ ಎಣಿಸಿದ. ಮತ್ತೆ ಅದೇ ಜಾಗದಲ್ಲಿ ಒಂದು ಏಟು ಮಾಯ. ಮೂರನೆಯ ಸಲವೂ ಹಾಗೇ. ಕಿವಿಯಪ್ಪ ಕಕ್ಕಾಬಿಕ್ಕಿಯಾದ. ಸವೆದು ಬಂದ ದೋಷ ಹೀಗೆ ಲೆಕ್ಕ ಇಟ್ಟುಕೊಂಡು ಬರುವುದಿಲ್ಲ. ಒಂದು ಸಲ ಇಲ್ಲಿ, ಒಂದು ಸಲ ಅಲ್ಲಿ ಬರುತ್ತದೆ. ಪ್ರತಿ ಸುತ್ತಿಗೂ ಒಂದೇ ಜಾಗದಲ್ಲಿ ಬರುವುದು ತಪ್ಪಲ್ಲ, ಮಾಡಿದವರು ಬೇಕೆಂದೇ ಮಾಡಿದ್ದು. ಆದರೆ ಇಂಥದ್ದನ್ನು ಬೇಕೆಂದು ಯಾರು ಮಾಡುತ್ತಾರೆ?

ಗಡ್ಡದವನು ಆತನ ಬೆರಳನ್ನು ಗಮನಿಸಿ ಕಿವಿಯ ಹತ್ತಿರ ಬಗ್ಗಿದ. "ಇದು ಏಳರ ಲೆಕ್ಕ ಸಾರ್. ಆಮೇಲೆ ಹನ್ನೊಂದಕ್ಕೆ ಹೋಗುತ್ತೆ."

"ಹೋಗಿ ವಾಪಸ್ ಬರುತ್ತಾ?"

"ಒಂದೊಂದು ಸಲ ಬರಲ್ಲ."

"ಇದಕ್ಕೆ ಏನಂತಾರೆ?"

"ಪ್ರೋಗ್ರೆಸಿವ್ ರಾಕ್."

"ಹಾಗಂದ್ರೆ?"

ಗಡ್ಡದವನು ಸ್ವಲ್ಪ ಯೋಚಿಸಿದ. "ಎಲ್ಲಿಗೆ ಹೋಗುತ್ತೆ ಅಂತ ಕೇಳೋರಿಗೆ ಮೊದಲೇ ಗೊತ್ತಾಗಬಾರದು ಸಾರ್."

ಎಂಟು ತಿಂಗಳಿಗೆ ಮಗಳನ್ನು ಕಳಿಸಬೇಕಾದವನಿಗೆ ಹೇಳುವ ಮಾತೇ ಇದು? ಕಿವಿಯಪ್ಪ ಬಿಟ್ಟ ಕಣ್ಣು ಬಿಟ್ಟಂತೆ ಕೂತ. ಸದ್ದು ಏರಿತು, ಇಳಿಯಿತು, ಇನ್ನೇನು ಮುಗಿಯಿತು ಎನ್ನುವಷ್ಟು ನಿಂತಿತು. ಮುಗಿಯಿತಲ್ಲ ಎಂಬ ನಿರಾಳಕ್ಕೆ ಆತ ಜೋರಾಗಿ ಚಪ್ಪಾಳೆ ತಟ್ಟಿದ. ಇಡೀ ಕೋಣೆಯಲ್ಲಿ ಅದೊಂದೇ ಚಪ್ಪಾಳೆ. ನಲವತ್ತು ತಲೆಗಳು ಇತ್ತ ತಿರುಗಿದವು, ಅಷ್ಟರಲ್ಲಿ ಹಾಡು ಎದ್ದು ಇನ್ನೊಂದು ದಿಕ್ಕಿಗೆ ಓಡಿತು. ಒಂದೇ ಹಾಡು ಇಪ್ಪತ್ತೆರಡು ನಿಮಿಷ! ಅಷ್ಟರೊಳಗೆ ಒಂದು ಮಷೀನನ್ನು ಪೂರ್ತಿ ಬಿಚ್ಚಿ ಜೋಡಿಸಬಹುದು. ಮುಗಿದಾಗ ಎಲ್ಲರೂ ಎದ್ದು ನಿಂತು ಕೂಗಿದರು. ಈ ಸಲ ಕಿವಿಯಪ್ಪ ಮಾತ್ರ ಮುಗಿದಿದೆಯೋ ಇಲ್ಲವೋ ಎಂಬ ಅನುಮಾನದಲ್ಲಿ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ.

ಎರಡನೆಯದು ಶುರುವಾಯಿತು, ಮೂರನೆಯದೂ ಆಯಿತು. ಆತನಿಗೆ ಭಯ ಹತ್ತಿತು. ಬೇಡ ಎನ್ನುವುದು ಸುಲಭ ಎಂದುಕೊಂಡು ಬಂದಿದ್ದ. ಆದರೆ ಏನನ್ನು ಬೇಡ ಎನ್ನಬೇಕು? ಕೆಟ್ಟಿದ್ದರೆ ಕೆಟ್ಟಿದೆ ಎನ್ನಬಹುದು. ಇಲ್ಲಿ ಕೆಟ್ಟದ್ದು ಯಾವುದು, ನೆಟ್ಟಗಿರುವುದು ಯಾವುದು ಎಂದೇ ತಿಳಿಯುತ್ತಿಲ್ಲ. ಹಾಗೆಂದು ಚೆನ್ನಾಗಿದೆ ಎಂದರೆ ಸುಳ್ಳಾಗುತ್ತದೆ. ಮಗಳು ಕೇಳಿದ್ದು ಆತನ ಕಿವಿಯನ್ನು. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಆ ಕಿವಿಗೆ ಹೇಳುವುದಕ್ಕೆ ಏನೂ ಇರಲಿಲ್ಲ. ಆತನಿಗೆ ನಾಚಿಕೆಯಾಯಿತು.

ಕೊನೆಯ ಹಾಡು ಅರ್ಧ ದಾಟಿರಬೇಕು. ಮೂವರೂ ಎದ್ದುಬಿದ್ದು ಓಡುತ್ತಿದ್ದ ಹೊತ್ತು. ಆಗ ಕಿವಿಯಪ್ಪನಿಗೆ ಎಲ್ಲದರ ಕೆಳಗೆ ಒಂದು ಸಣ್ಣ ಟಿಕ್ ಕೇಳಿಸಿತು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. ಆಮೇಲೆ ಬೆನ್ನಬೆನ್ನಿಗೆ ಎರಡು. ಎಣಿಸಿ ನೋಡಿದ. ಏಳಕ್ಕೂ ಕೂಡಲಿಲ್ಲ, ಹನ್ನೊಂದಕ್ಕೂ ಕೂಡಲಿಲ್ಲ. ಇದಕ್ಕೆ ಲೆಕ್ಕವೇ ಇಲ್ಲ. ಇದನ್ನು ಯಾರೂ ಬೇಕೆಂದು ಮಾಡಿಲ್ಲ!

ಬೆನ್ನು ನೆಟ್ಟಗಾಯಿತು. ಕಣ್ಣು ಹುಡುಕಿತು. ಮಗಳ ಬಲಗಡೆ, ಅವಳ ತಲೆಗಿಂತ ಎತ್ತರದಲ್ಲಿ, ಕಬ್ಬಿಣದ ತೋಳಿನ ತುದಿಗೆ ದೊಡ್ಡ ಹಿತ್ತಾಳೆ ತಟ್ಟೆ. ತೋಳು ಕಂಬಕ್ಕೆ ಸೇರುವ ಕೀಲಿನ ನಟ್ಟು ಸಡಿಲಾಗಿದೆ. ಅವಳು ತಟ್ಟೆಗೆ ಹೊಡೆದಾಗಲೆಲ್ಲ ತೋಳು ಕೂದಲೆಳೆಯಷ್ಟು ಕೆಳಗೆ ಜಾರುತ್ತಿದೆ. ಇನ್ನು ನಾಲ್ಕು ಏಟು ಬಿದ್ದರೆ ಕಳಚಿ ಅವಳ ಕತ್ತಿನ ಮೇಲೆ ಬೀಳುತ್ತದೆ. ಅವಳು ಎಡಕ್ಕೆ ನೋಡುತ್ತಿದ್ದಾಳೆ.

ಕಿವಿಯಪ್ಪ ಯೋಚಿಸಲಿಲ್ಲ. ಯೋಚಿಸಿದ್ದರೆ ಕೂಗುತ್ತಿದ್ದನೇನೋ, ಕೂಗಿದ್ದರೆ ಯಾರಿಗೂ ಕೇಳಿಸುತ್ತಿರಲಿಲ್ಲ. ಆತ ಎದ್ದು ನಿಂತ. ಅಂಗೈ ಬಿಡಿಸಿ ತಲೆಗಿಂತ ಮೇಲೆ ಎತ್ತಿದ.

ಮಗಳು ನಿಂತಳು.

ಎತ್ತಿದ ಕೋಲು ಎತ್ತಿದಲ್ಲೇ ನಿಂತಿತು. ಅವಳೊಬ್ಬಳೇ ಅಲ್ಲ. ಡಾಕ್ಟರ ಬೆರಳು ತಂತಿಯ ಮೇಲೆ ಒತ್ತಿ ಸದ್ದು ಅಡಗಿಸಿತು, ಉದ್ದನೆಯವನು ಒತ್ತಿದ್ದ ಕಾಲು ಎತ್ತಿದ. ಮೂವರೂ ಒಂದೇ ಕ್ಷಣಕ್ಕೆ, ಒಂದೇ ಒಂದು ಸ್ವರವೂ ಹೆಚ್ಚು ಬೀಳದ ಹಾಗೆ. ಕೋಣೆಯಲ್ಲಿ ಎಂಥ ಮೌನ ಬಿತ್ತೆಂದರೆ ಕೆಳಗಿನ ಅಂಗಡಿಯಲ್ಲಿ ಯಾರೋ ಬುರುಡೆಯ ಪೆಟ್ಟಿಗೆ ಇಳಿಸಿದ್ದು ಕೇಳಿಸಿತು.

ಆಗ ಕಿವಿಯಪ್ಪ ಮಗಳ ಮುಖ ನೋಡಿದ.

ಅವಳಿಗೆ ನಟ್ಟಿನ ವಿಷಯ ಗೊತ್ತಿಲ್ಲ. ಅವಳಿಗೆ ಕಂಡದ್ದು ಅಪ್ಪ ಎತ್ತಿದ ಕೈ ಮಾತ್ರ. ಕೊನೆಯವರೆಗೂ ಕಾಯಲಾರದೆ ಎದ್ದು ನಿಂತು ಬೇಡ ಎಂದುಬಿಟ್ಟ ಅಪ್ಪ. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಯಾಕೆ ಎಂಬ ಪ್ರಶ್ನೆಯೂ ಇರಲಿಲ್ಲ. ಬಣ್ಣ ಇಳಿದ ಬಟ್ಟೆಯಂತಾಗಿದ್ದ ಮುಖವನ್ನು ಒಮ್ಮೆ ಮೆಲ್ಲಗೆ ತಗ್ಗಿಸಿ, ಆಗಲಿ ಎನ್ನುವಂತೆ ಕೋಲು ಹಿಡಿದ ಕೈಯನ್ನು ಕೆಳಗಿಳಿಸತೊಡಗಿದಳು.

ಇದೇ ಅಲ್ಲವೇ ಆತ ಬೇಕು ಎಂದದ್ದು? ಈಗ ಕೈ ಇಳಿಸಿ ಕೂತುಬಿಟ್ಟರೆ ಸಾಕು. ನಾಳೆ ಬೆಳಿಗ್ಗೆ ನೀಲಿ ಕೋಟು ತೊಟ್ಟು ಪಕ್ಕದಲ್ಲಿ ನಡೆದು ಬರುತ್ತಾಳೆ. ಆದರೆ ಆ ಮುಖ ಕಂಡು ಕಿವಿಯಪ್ಪನ ಜೀವ ಬಾಯಿಗೆ ಬಂತು. ತನ್ನ ಅಂಗೈಗೆ ಇಷ್ಟು ಭಾರ ಇದೆಯೆಂದು ಆತನಿಗೆ ಗೊತ್ತಿರಲಿಲ್ಲ. ಅಯ್ಯೋ ಅದಲ್ಲ ಪುಟ್ಟಿ, ಅದಲ್ಲ ಎಂದು ತಲೆಯನ್ನು ಜೋರಾಗಿ ಅಲ್ಲಾಡಿಸಿದ. ಎತ್ತಿದ ಕೈಯನ್ನು ತಿರುಗಿಸಿ ಕಂಬದ ಕೀಲಿನತ್ತ ಬೆರಳು ಮಾಡಿದ.

ಅವಳು ತಿರುಗಿ ನೋಡಿದಳು. ಜಾರಿದ ತೋಳು ಕಂಡಿತು. ಬಾಯಿ ತೆರೆಯಿತು, ಕಣ್ಣಲ್ಲಿ ನೀರು ಬಂತು, ನಗುವೂ ಬಂತು. ಯಾವುದು ಮೊದಲು ಬಂತೆಂದು ಆತನಿಗೆ ತಿಳಿಯಲಿಲ್ಲ.

ನಾಲ್ಕು ಹೆಜ್ಜೆ ನಡೆದು ಕಿವಿಯಪ್ಪ ಜಮಖಾನದ ಮೇಲೆ ಹೋದ. ಜೇಬಿನಿಂದ ಸ್ಪ್ಯಾನರ್ ತೆಗೆದ. ತೋಳನ್ನು ಅದರ ಎತ್ತರಕ್ಕೆ ಎತ್ತಿ, ನಟ್ಟನ್ನು ಮೂರು ಸುತ್ತು ಬಿಗಿದು, ಕೈಯಿಂದ ಎಳೆದು ಪರೀಕ್ಷಿಸಿದ. ಕಿಟಿಕಿಟಿ ಎನ್ನುವ ಆ ಸದ್ದೊಂದೇ ಕೋಣೆಯಲ್ಲಿ. ಡಾಕ್ಟರು ಕಣ್ಣು ಬಿಟ್ಟು ನೋಡುತ್ತಿದ್ದರು, ಉದ್ದನೆಯವನು ಬಗ್ಗಿ ನೋಡುತ್ತಿದ್ದ, ಇಬ್ಬರೂ ತುಟಿ ಬಿಚ್ಚಲಿಲ್ಲ. ಕಿವಿಯಪ್ಪ ತನ್ನ ಕುರ್ಚಿಗೆ ಮರಳಿ, ನಿಂತೇ, ತೋರುಬೆರಳನ್ನು ಗಾಳಿಯಲ್ಲಿ ಸುತ್ತಿಸಿದ.

ನಿಂತಿದ್ದ ಕೋಲು ಬಿತ್ತು. ಮೂವರೂ ಬಿಟ್ಟಲ್ಲಿಂದ ಹಿಡಿದರು.

ಕಿವಿಯಪ್ಪ ಕೂತು ಕಣ್ಣು ಮುಚ್ಚಿದ. ನಿಂತ ಜಾಗ ಯಾವುದು ಎಂದು ಹುಡುಕತೊಡಗಿದ. ಮುಂಚಿನ ಓಟ ಕಿವಿಯಲ್ಲಿತ್ತು, ಈಗಿನದೂ ಇತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು, ಬಟ್ಟೆಯ ಮೇಲೆ ಭೂತಗನ್ನಡಿ ಆಡಿಸಿದ ಹಾಗೆ ಹಿಂದಕ್ಕೂ ಮುಂದಕ್ಕೂ ಆಡಿಸಿ ನೋಡಿದ. ವೇಗ ಕುಗ್ಗಿರಲಿಲ್ಲ, ಏರಿರಲೂ ಇಲ್ಲ. ಹಾಡು ಮುಗಿಯುವವರೆಗೂ ಹುಡುಕಿದ.

ಜನ ಎದ್ದು ನಿಂತು ಕೂಗುವಾಗ ಗಡ್ಡದವನು ಆತನ ಕೈ ಹಿಡಿದು ಕುಲುಕಿದ. "ಅದ್ಭುತ ಸಾರ್! ಆ ಮೌನ ಇತ್ತಲ್ಲ, ಅದೇ ಇಡೀ ಹಾಡಿನ ಜೀವ. ಆ ಸ್ಪ್ಯಾನರಿನ ಸದ್ದು! ಎಷ್ಟು ದಿನದಿಂದ ಅಭ್ಯಾಸ ಮಾಡ್ತಿದ್ದೀರಿ?"

"ಮೂವತ್ತೊಂದು ವರ್ಷ" ಎಂದ ಕಿವಿಯಪ್ಪ, ಏನು ಹೇಳಬೇಕೆಂದು ತೋಚದೆ.

ಕುರ್ಚಿಗಳನ್ನೆಲ್ಲ ಮಡಚಿ ಇಟ್ಟ ಮೇಲೆ ಅಪ್ಪ ಮಗಳು ಕೆಳಗಿಳಿದು, ಅಂಗಡಿಯ ಪಕ್ಕದ ಕೊನೆಯ ಮೆಟ್ಟಿಲ ಮೇಲೆ ಕೂತರು. ಹೊರಗೆ ಇನ್ನೂ ಬೆಳಕಿತ್ತು. ಅವಳು ಏನೂ ಕೇಳಲಿಲ್ಲ. ಕೇಳದಿರುವುದು ಅವಳ ರೂಢಿ, ಅದನ್ನು ಕಲಿಸಿದವನು ಆತನೇ.

"ಪುಟ್ಟಿ, ನನಗೆ ಏನೂ ಅರ್ಥವಾಗ್ಲಿಲ್ಲ ಕಣೆ. ತಲೆ ಬುಡ ಒಂದೂ ತಿಳೀಲಿಲ್ಲ."

ಅವಳು ಬೆರಳ ತುದಿಯ ಬೊಬ್ಬೆಯನ್ನು ನೋಡಿಕೊಂಡಳು. "ಸರಿ ಅಪ್ಪ. ನಾಳೆ ಎಷ್ಟು ಹೊತ್ತಿಗೆ ಹೊರಡಬೇಕು?"

"ತಡಿ. ಒಂದು ವಿಷಯ ಹೇಳು. ನಾನು ಕೈ ಎತ್ತಿದ್ದನ್ನ ಅವರಿಬ್ಬರೂ ನೋಡಿದ್ರಾ?"

"ಇಲ್ಲ. ಡಾಕ್ಟರು ಕಣ್ಣು ಮುಚ್ಚಿ ನುಡಿಸ್ತಾರೆ. ಬೇಸ್ ಗಿಟಾರಿನವನು ಯಾವಾಗ್ಲೂ ನೆಲ ನೋಡ್ತಾನೆ."

"ಮತ್ತೆ ಹೇಗೆ ನಿಂತರು?"

"ನಾನು ನಿಂತೆನಲ್ಲ."

"ನೀನು ನಿಂತರೆ ಅವರೂ ನಿಲ್ತಾರಾ?"

"ಹೂಂ."

"ಯಾಕೆ ಅಂತ ಕೇಳಲ್ವಾ?"

"ಇನ್ನೂ ಕೇಳಿಲ್ಲ" ಎಂದಳು ಮಗಳು. "ಮೇಲೆ ವೈರು ಸುತ್ತುತ್ತಾ ಇದ್ದಾರೆ."

ಕಿವಿಯಪ್ಪ ಮೆಟ್ಟಿಲ ಮೇಲಿನ ಕೋಣೆಯತ್ತ ತಿರುಗಿ ನೋಡಿದ. ಕಾರ್ಖಾನೆಯಲ್ಲಾದರೆ ಕೈ ಎತ್ತುವುದಕ್ಕೆ ತಾನಿದ್ದೇನೆ, ಹೊರಗೆ ಇವಳಿಗೆ ಯಾರಿದ್ದಾರೆ ಎಂದು ಎಷ್ಟು ವರ್ಷದಿಂದ ಹೆದರಿದ್ದ! ಆ ಹೆದರಿಕೆಗೇ ಬೀರು ಖಾಲಿ ಮಾಡಿಸಿದ್ದನೋ ಏನೋ. ಅದೂ ಈಗ ಸರಿಯಾಗಿ ತಿಳಿಯಲಿಲ್ಲ.

"ನಿಂತ ಜಾಗ ಹುಡುಕಿದೆ ಪುಟ್ಟಿ" ಎಂದ ಕೊನೆಗೆ. "ಸಿಗಲಿಲ್ಲ."

ಮಗಳು ಮುಖ ಎತ್ತಿದಳು. ಹಿಂದಿನ ಕೋಣೆಯ ಆಟ ಬಲ್ಲವಳಿಗೆ ಅದಕ್ಕಿಂತ ಹೆಚ್ಚು ಹೇಳಬೇಕಾಗಿರಲಿಲ್ಲ. ಅವಳು ಅಪ್ಪನ ಭುಜಕ್ಕೆ ಹಣೆ ಒತ್ತಿ ಅಳತೊಡಗಿದಳು. ಮೆಟ್ಟಿಲು ಇಳಿಯಬೇಕಿದ್ದ ಡಾಕ್ಟರು ಗಿಟಾರಿನ ಪೆಟ್ಟಿಗೆ ಹಿಡಿದುಕೊಂಡು, ದಾರಿ ಬಿಡಿ ಎನ್ನಲಾರದೆ ಮೇಲೇ ನಿಂತಿದ್ದರು.

ಸೋಮವಾರ ಬೆಳಿಗ್ಗೆ ಕಿವಿಯಪ್ಪ ಮ್ಯಾನೇಜರಿಗೆ ಊಹೂಂ ಹೇಳಿದ.

"ಅಷ್ಟು ಚೆನ್ನಾಗಿ ನುಡಿಸ್ತಾಳಾ ನಿಮ್ಮ ಮಗಳು?" ಎಂದರು ಅವರು.

"ಅದು ಗೊತ್ತಾಗ್ಲಿಲ್ಲ ಸಾರ್."

"ಮತ್ತೆ ಯಾಕ್ರೀ ಕಳಿಸ್ತಿದ್ದೀರಿ?"

ಕಿವಿಯಪ್ಪ ಕೈಮುಗಿದು ಹಾಲಿಗೆ ಇಳಿದ. ಸಾಲುಗಳ ನಡುವೆ ನಡೆಯುವಾಗ ಕಾಲು ಏಳರ ಲೆಕ್ಕ ಹಿಡಿದಿತ್ತು. ಪ್ರತಿ ಸಲ ಏಳು ಮುಗಿದಾಗ ಮುಂದಿನ ಹೆಜ್ಜೆ ಎಡಗಾಲಿನದೋ ಬಲಗಾಲಿನದೋ ಗೊತ್ತಾಗದೆ ತಡವರಿಸಿದ. ಮೂರನೆಯ ಸಾಲಿನವರು ಕಿವಿಯಪ್ಪನಿಗೆ ಮಂಡಿನೋವು ಎಂದು ಮಾತಾಡಿಕೊಂಡರು.

ಗುರುವಾರ ಬೆಳಿಗ್ಗೆ ವ್ಯಾನು ಮನೆಯ ಮುಂದೆ ಬಂದು ನಿಂತಿತು. ಹೆಂಡತಿ ಮಗಳ ಚೀಲಕ್ಕೆ ಏನೇನೋ ತುರುಕುತ್ತಿದ್ದಳು. ಡಾಕ್ಟರು ಇಂಜಿನ್ ಶುರು ಮಾಡಿದ್ದೇ ತಡ, ಕಿವಿಯಪ್ಪ ಮುಂದೆ ಹೋಗಿ ಬಾನೆಟ್ಟು ಎತ್ತಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಯ ಹಿಂದೆ ಆನಿಸಿ ಕಣ್ಣು ಮುಚ್ಚಿದ. ಒಳಗಿನ ಮೂವರೂ ಗಾಜಿನಾಚೆಯಿಂದ ಆತನನ್ನೇ ನೋಡುತ್ತ ಕಾದರು. ಆತ ಎಲ್ಲ ಕಡೆಯೂ ಕೇಳಿದ. ಒಂದಾದರೂ ದೋಷ ಸಿಗಲಿ ಎಂದು ಎರಡನೆಯ ಸಲವೂ ಕೇಳಿದ. ಇಂಜಿನ್ ನೆಟ್ಟಗಿತ್ತು.

ಬಾನೆಟ್ಟು ಮುಚ್ಚಿ ಹಿಂದೆ ಸರಿದು ನಿಂತ. ಬಲಗೈ ತಾನಾಗಿಯೇ ಮೇಲೇಳತೊಡಗಿತು, ಬೆರಳುಗಳು ಬಿಡಿಸಿಕೊಂಡವು. ಮಗಳು ಕಿಟಕಿಯಿಂದ ಆ ಕೈಯನ್ನೇ ನೋಡುತ್ತಿದ್ದಳು. ಡಾಕ್ಟರ ಕಾಲು ಬ್ರೇಕಿನ ಮೇಲೆಯೇ ಇತ್ತು. ಕಿವಿಯಪ್ಪ ನಾಲ್ಕು ಬೆರಳನ್ನು ಮಡಚಿಕೊಂಡು, ಉಳಿದ ಒಂದನ್ನು ಗಾಳಿಯಲ್ಲಿ ಸುತ್ತಿಸಿದ.